ಮಿಂಚು, ಕುಲುಮೆ ಮತ್ತು ಸಂಭವ
(ಬಾನುಲಿ ಭಾಷಣ)



'ಸಂಭವ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಕಾಳಿದಾಸನ 'ಕುಮಾರಸಂಭವ'ದಲ್ಲಿ ಅದು ಹುಟ್ಟು. ನಮ್ಮ ದಿನಬಳಕೆಯಲ್ಲಿ ಅದು ಆಗಬಹುದಾದದ್ದು. ಬಹುಕಾಲ ಕನ್ನಡ ಪಾಠ ಹೇಳಿದ ನಾನು ಇಂದು ರಸಾಯನ ವಿಜ್ಞಾನದ ಬಾಗಿಲು ತಟ್ಟುತ್ತಿರುವುದು ಈ ಶಬ್ದವನ್ನು ಕೈಯಲ್ಲಿ ಹಿಡಿದೇ. ಎರಡು ಅನಿಲಗಳು ಸಂಧಿಸಿದಾಗ ಹೊಸದೊಂದು ಹುಟ್ಟುವುದೋ ಇಲ್ಲವೋ ಎಂಬುದನ್ನು ಲೆಕ್ಕದಿಂದ ಹೇಳಬಹುದೆ?

ಇಂಡಿ, ಸಿಂದಗಿಗಳ ಎರೆಹೊಲಗಳ ಮೇಲೆ ರೋಹಿಣಿ ಮಳೆಯ ಮಿಂಚು ಹೊಳೆದಾಗ ಗಾಳಿಯಲ್ಲಿ ಇಂಥದೊಂದು ಹುಟ್ಟು ನಡೆಯುತ್ತದೆ. ಗಾಳಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದರ ಅಣುವಿನ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿವೆ. ಸಾಮಾನ್ಯವಾಗಿ ಅವು ಯಾವುದರೊಡನೆಯೂ ಬೆರೆಯವು. ಮಿಂಚಿನ ಕಾವಿಗೆ ಆಮ್ಲಜನಕದ ಅಣು ಒಡೆದು, ಬಿಡಿ ಪರಮಾಣುವೊಂದು ಸಾರಜನಕದ ಅಣುವಿಗೆ ಬಲವಾಗಿ ಬಡಿದರೆ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಮುಂದೆ ಅದು ನೈಟ್ರೇಟಾಗಿ, ಮಳೆಯೊಡನೆ ಮಣ್ಣಿಗಿಳಿದು, ಬೆಳೆಗೆ ಸಾರವಾಗುತ್ತದೆ. ಉರಿಯುವ ಜ್ವಾಲೆಯಲ್ಲಿಯೂ ಇದೇ ಕ್ರಿಯೆ ನಡೆಯುವ ಬಗೆಯನ್ನು ಸೋವಿಯತ್ ವಿಜ್ಞಾನಿ ಜೆಲ್ಡೊವಿಚ್ 1946ರಲ್ಲಿ ವಿವರಿಸಿದರು.

ಬಡಿದ ಪರಮಾಣುಗಳೆಲ್ಲ ಏಕೆ ಕೂಡುವುದಿಲ್ಲ? ಪರಮಾಣುಗಳ ನಡುವಣ ದೂರ ಬದಲಾದಂತೆ ಅವುಗಳ ಪ್ರಚ್ಛನ್ನ ಶಕ್ತಿ ಏರಿಳಿಯುತ್ತದೆ. ಜಲಜನಕದ ಪರಮಾಣು ಜಲಜನಕದ ಅಣುವನ್ನು ಸಂಧಿಸುವ ಸರಳ ಕ್ರಿಯೆಗೆ ಈ ಏರಿಳಿತದ ನಕಾಶೆಯನ್ನು 1931ರಲ್ಲಿ ಐರಿಂಗ್ ಮತ್ತು ಮೈಕೇಲ್ ಪೊಲಾನ್ಯಿ ಬರೆದರು. ಅದರಲ್ಲಿ ಎರಡು ಕಣಿವೆಗಳು, ನಡುವೆ ಒಂದು ಘಟ್ಟ. ಈಚೆಯದು ಹಳೆಯ ಅಣುವಿನ ನೆಲೆ, ಆಚೆಯದು ಹೊಸ ಅಣುವಿನದು.

ಆದರೆ ಪರಮಾಣು ಉರುಳುವ ಗೋಲಿಯಲ್ಲ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಅದರದು ಅಲೆಯ ನಡೆ. ಅಲೆಯ ಒಂದು ಪಾಲು ಘಟ್ಟ ದಾಟುತ್ತದೆ, ಉಳಿದದ್ದು ಹಿಂದಿರುಗುತ್ತದೆ. ಹಗುರವಾದ ಜಲಜನಕದಲ್ಲಂತೂ ಕಿಂಚಿತ್ ಪಾಲು ಘಟ್ಟವನ್ನು ಹತ್ತದೆಯೇ ತೂರಿಹೋಗುತ್ತದೆ. ಆಚೆ ತಲುಪಿದ ಪಾಲೆಷ್ಟೋ ಅಷ್ಟೇ ಹುಟ್ಟಿನ ಸಂಭವ. ಶಬ್ದದ ಎರಡು ಅರ್ಥಗಳೂ ಇಲ್ಲಿ ಕೂಡುತ್ತವೆ.

ಲೆಕ್ಕವೇನೋ ಸುಲಭದ್ದಲ್ಲ. ಮೂರು ಪರಮಾಣುಗಳ ಜೋಡಣೆಗೆ ಮೂರು ಅಳತೆಗಳು ಬೇಕು. ಒಂದೊಂದಕ್ಕೆ 100 ಬಿಂದುಗಳನ್ನಿಟ್ಟರೂ 10 ಲಕ್ಷ ಬಿಂದುಗಳಲ್ಲಿ ಅಲೆಯನ್ನು ಹಿಂಬಾಲಿಸಬೇಕು. ಇನ್ನೊಂದು ಪರಮಾಣು ಸೇರಿದರೆ ಅಳತೆಗಳು ಆರು, ಬಿಂದುಗಳು ಒಂದು ಲಕ್ಷ ಕೋಟಿ! ಜಲಜನಕದ ಆ ಸರಳ ಕ್ರಿಯೆಯನ್ನೇ ಮೂರು ಆಯಾಮಗಳಲ್ಲಿ ನಿಖರವಾಗಿ ಗಣಿಸಲು 1970ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಶಾಟ್ಸ್ ಮತ್ತು ಕುಪರ್‌ಮನ್ ಅದನ್ನು ಸಾಧಿಸಿದರು.

ನಮಗೇಕೆ ಈ ಲೆಕ್ಕ? ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಮಿಂಚಿನಲ್ಲಿ ನಡೆದ ಹುಟ್ಟೇ ಅಲ್ಲಿನ ಕುಲುಮೆಯಲ್ಲಿಯೂ ನಡೆಯುತ್ತದೆ. ಕಲ್ಲಿದ್ದಲಿನೊಳಗಿನ ಸಾರಜನಕವೂ ಉರಿದು ಅದಕ್ಕೆ ದೊಡ್ಡ ಪಾಲನ್ನು ಕೂಡಿಸುತ್ತದೆ. ಹೊಲಕ್ಕೆ ಸಾರವಾದದ್ದು ಹೊಗೆಯಲ್ಲಿ ಹೆಚ್ಚಿದರೆ ಶ್ವಾಸಕೋಶಕ್ಕೆ ಕಂಟಕ. ಜ್ವಾಲೆಯ ಕಾವು 1800 ಕೆಲ್ವಿನ್‌ನಿಂದ 2000ಕ್ಕೆ ಏರಿದರೆ ಜೆಲ್ಡೊವಿಚ್ ಕ್ರಿಯೆಯ ಮೊದಲ ಹೆಜ್ಜೆಯ ವೇಗಾಂಕ ಸುಮಾರು 8 ಪಟ್ಟಾಗುತ್ತದೆ. ಆದುದರಿಂದಲೇ ಕುಲುಮೆಗೆ ಗಾಳಿಯನ್ನು ಹಂತಹಂತವಾಗಿ ಊದಿ, ಕಾವಿನ ತುದಿಯನ್ನು ತಗ್ಗಿಸುವ ಉಪಾಯ ಮಾಡುತ್ತಾರೆ. ಉಷ್ಣ ಸ್ಥಾವರಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳು ಎಷ್ಟಿರಬಹುದೆಂಬ ಮಿತಿಯನ್ನು ಕೇಂದ್ರ ಸರ್ಕಾರ 2015ರ ಡಿಸೆಂಬರಿನಲ್ಲಿ ವಿಧಿಸಿತು.

ಕೂಡಗಿಯ ರೈತರು 2014ರಲ್ಲಿ ಸ್ಥಾವರದ ವಿರುದ್ಧ ಬೀದಿಗಿಳಿದಿದ್ದರು. ಅಲ್ಲಿಯವರಾಗಲಿ, ಮುದ್ದೇಬಿಹಾಳದವರಾಗಲಿ, ತಾವು ಉಸಿರಾಡುವ ಗಾಳಿಯಲ್ಲಿ ಏನು ಹುಟ್ಟುತ್ತಿದೆ, ಎಷ್ಟು ಹುಟ್ಟುತ್ತಿದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಅವರ ನುಡಿಯಲ್ಲಿಯೇ ದೊರೆಯಬೇಕು. ಕಣಿವೆ, ಘಟ್ಟ, ಅಲೆ, ಸಂಭವ: ನಾನು ಬಳಸಿದ ಈ ಮಾತುಗಳಲ್ಲಿ ಯಾವುದೂ ಹೊಸದಾಗಿ ಟಂಕಿಸಿದ್ದಲ್ಲ. ವಿಜ್ಞಾನ ಬಲ್ಲವರು ಮನಸ್ಸು ಮಾಡಿದರೆ ಉಳಿದುದಕ್ಕೂ ಕನ್ನಡದಲ್ಲಿ ಮಾತು ಸಿಕ್ಕೇ ಸಿಗುತ್ತದೆ.