ದಾನ, ರಸೀದಿ ಮತ್ತು 80ಜಿ

 

ಮಠದ ಶಾಖೆಗಳಲ್ಲಿ ಸೇವೆಯ ರಸೀದಿ ಬರೆಸಲು ಬಂದವರು ಕೇಳುವ ಪ್ರಶ್ನೆ ಒಂದುಂಟು: "ಇದಕ್ಕೆ 80ಜಿ ಇದೆಯೇ?" ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮವರಲ್ಲಿ ಸಂಬಳದ ಆದಾಯದವರೇ ಹೆಚ್ಚು. ಆದ್ದರಿಂದ ಮಧ್ವನವಮಿ ಕಳೆದು ಮಾರ್ಚ್ ತಿಂಗಳು ಸಮೀಪಿಸಿದಂತೆ ಈ ಪ್ರಶ್ನೆಯೂ ಹೆಚ್ಚುತ್ತದೆ. ಗುರುರಾಯರ ಆರಾಧನೆ ಶ್ರಾವಣದಲ್ಲಿ, ಧನಸಂಗ್ರಹದ ಋತು ಮಾತ್ರ ಫಾಲ್ಗುಣದಲ್ಲಿ ಎಂಬಂತಾಗಿದೆ! ಪ್ರಶ್ನೆಗೆ ದೊರೆಯುವ "ಇದೆ" ಅಥವಾ "ಇಲ್ಲ" ಎಂಬ ಉತ್ತರ ಬಹುಮಟ್ಟಿಗೆ ಅರ್ಧ ಉತ್ತರವೇ. ಉಳಿದರ್ಧವನ್ನು ವಿಚಾರಮಾಡುವುದು ಈ ಉಪನ್ಯಾಸದ ಉದ್ದೇಶ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಧರ್ಮಸಂಸ್ಥೆಗೆ ಸಂಬಂಧಿಸಿದ ತೆರಿಗೆ ವಿನಾಯಿತಿಗಳು ಎರಡು ಬಗೆ. ಸಂಸ್ಥೆಯ ಸ್ವಂತ ಆದಾಯಕ್ಕೆ ದೊರೆಯುವ ವಿನಾಯಿತಿ ಒಂದು. ರೂಢಿಯಲ್ಲಿ ಇದನ್ನು 12ಎ ನೋಂದಣಿ ಎನ್ನುತ್ತಾರೆ. ದಾನ ಕೊಟ್ಟವರಿಗೆ ಅವರ ಆದಾಯದಲ್ಲಿ ದೊರೆಯುವ ಕಡಿತ ಇನ್ನೊಂದು, ಇದೇ 80ಜಿ. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ಬಾರದು. "ಮಠಕ್ಕೆ ತೆರಿಗೆಯಿಲ್ಲ, ಆದ್ದರಿಂದ ಕೊಟ್ಟವರಿಗೂ ರಿಯಾಯಿತಿ ಇದ್ದೇ ಇದೆ" ಎಂಬ ನಂಬಿಕೆ ವಿದ್ಯಾವಂತರಲ್ಲೂ ಉಂಟು, ಅದು ತಪ್ಪು. 1961ರ ಆದಾಯ ತೆರಿಗೆ ಕಾಯಿದೆಗೆ 80ಜಿ ಕಲಂ ಸೇರಿ ಜಾರಿಗೆ ಬಂದದ್ದು 1968ರ ಏಪ್ರಿಲ್ 1ರಿಂದ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿತವಾದ 2025ರ ಹೊಸ ಕಾಯಿದೆಯಲ್ಲಿ ಈ ವಿಷಯ 133ನೆಯ ಕಲಮಿಗೆ ಸೇರಿದೆ. ಆದರೂ ಜನರ ಬಾಯಲ್ಲಿ ನೆಲೆನಿಂತ ಹೆಸರು 80ಜಿಯೇ. ಇಲ್ಲಿಯೂ ಅದೇ ಹೆಸರನ್ನು ಬಳಸಲಾಗಿದೆ.

ಕೊಟ್ಟ ಹಣವೆಲ್ಲ ತೆರಿಗೆಯಲ್ಲಿ ಮರಳಿ ಬರುತ್ತದೆ ಎಂದು ಭಾವಿಸುವವರೂ ಇದ್ದಾರೆ. ಲೆಕ್ಕ ಹಾಗಿಲ್ಲ. ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯಂಥ ಕೆಲವಕ್ಕೆ ಮಾತ್ರ ನೂರಕ್ಕೆ ನೂರು ಕಡಿತವುಂಟು. ಅನುಮೋದನೆ ಪಡೆದ ಸಾಮಾನ್ಯ ದತ್ತಿಸಂಸ್ಥೆಗೆ ಕೊಟ್ಟರೆ ಅರ್ಧ ಮೊತ್ತವಷ್ಟೇ ಆದಾಯದಿಂದ ಕಳೆಯುತ್ತದೆ. ಅದಕ್ಕೂ ದಾನಿಯ ಒಟ್ಟು ಆದಾಯದ ಹತ್ತನೆಯ ಒಂದು ಭಾಗವೆಂಬ ಮಿತಿಯುಂಟು. ಹಳೆಯ ಪದ್ಧತಿಯಲ್ಲಿ ಶೇಕಡಾ 30ರ ಮಟ್ಟದಲ್ಲಿ ತೆರಿಗೆ ಕೊಡುವ ಗೃಹಸ್ಥರೊಬ್ಬರು ಈ ಮಿತಿಯೊಳಗೆ 1,00,000 ರೂಪಾಯಿ ದಾನಮಾಡಿದರೆ 50,000 ರೂಪಾಯಿ ಕಳೆಯುತ್ತದೆ. ಅದರ ಮೇಲಿನ ತೆರಿಗೆ 15,000. ಶೇಕಡಾ 4ರ ಸೆಸ್ ಸೇರಿ 15,600. ಅಂದರೆ ಲಕ್ಷದಲ್ಲಿ 84,400 ರೂಪಾಯಿ ಅವರ ಕೈಯಿಂದಲೇ ಹೋಗಿದೆ.

ಹಾಗಾದರೆ ಆ 15,600 ರೂಪಾಯಿ ಯಾರದು? ಖಜಾನೆಗೆ ಬರಬೇಕಾಗಿದ್ದ ಹಣವನ್ನು ಸರ್ಕಾರ ಬಿಟ್ಟುಕೊಟ್ಟಿದೆ. ಖಜಾನೆಯ ಹಣ ಸಮಸ್ತ ಪ್ರಜೆಗಳದು. ಆದ್ದರಿಂದ 80ಜಿ ರಸೀದಿ ಹರಿದ ಕ್ಷಣದಲ್ಲಿ ದಾನಿಯ ಜೊತೆಗೆ ದೇಶದ ಎಲ್ಲ ಮತದ, ಎಲ್ಲ ಜಾತಿಯ ಜನರೂ ಆ ದಾನದಲ್ಲಿ ಪಾಲುದಾರರಾಗುತ್ತಾರೆ. ಈ ಒಂದು ಅಂಶವನ್ನು ಗ್ರಹಿಸಿದರೆ, ನಮ್ಮವರಿಗೆ ಕಠಿಣವೆಂದು ತೋರುವ ನಿಬಂಧನೆಗಳ ಒಳಗುಟ್ಟು ತಾನಾಗಿಯೇ ತಿಳಿಯುತ್ತದೆ.

ಕಾಯಿದೆಯ ಪ್ರಕಾರ, ಪೂರ್ಣವಾಗಿ ಅಥವಾ ಬಹುಪಾಲು ಧಾರ್ಮಿಕವಾದ ಉದ್ದೇಶ ಈ ಕಲಮಿನ ದೃಷ್ಟಿಯಲ್ಲಿ ದತ್ತಿಯಲ್ಲ. ಅಪ್ಪರ್ ಗ್ಯಾಂಜಸ್ ಶುಗರ್ ಮಿಲ್ಸ್ ಪ್ರಕರಣದಲ್ಲಿ 1997ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಹು ಕಟ್ಟುನಿಟ್ಟಾಗಿ ಅರ್ಥೈಸಿತು. ದಾನ ಪಡೆದ ಟ್ರಸ್ಟಿನ ಪತ್ರದಲ್ಲಿ ಅನೇಕ ಲೋಕೋಪಕಾರಿ ಉದ್ದೇಶಗಳ ನಡುವೆ ದೇವಾಲಯಾದಿಗಳಿಗೆ ಸಂಬಂಧಿಸಿದ ಉದ್ದೇಶವೂ ಇತ್ತು. ಆ ಒಂದರಿಂದಲೇ ದಾನಿ ಕಂಪನಿಗೆ ಕಡಿತ ತಪ್ಪಿತು. ಅನಂತರ 1999ರ ಹಣಕಾಸು ಕಾಯಿದೆ ಸ್ವಲ್ಪ ಸಡಿಲಿಕೆ ತಂದಿತು: ವರ್ಷದ ಒಟ್ಟು ಆದಾಯದ ಶೇಕಡಾ 5ನ್ನು ಮೀರದಂತೆ ಧಾರ್ಮಿಕ ಕಾರ್ಯಕ್ಕೆ ವೆಚ್ಚಮಾಡಿದರೆ ಅನುಮೋದನೆಗೆ ಬಾಧೆಯಿಲ್ಲ. ಇದಲ್ಲದೆ, ಕೇಂದ್ರ ಸರ್ಕಾರ ಅಧಿಸೂಚನೆಯಿಂದ ಹೆಸರಿಸಿದ ಪ್ರಸಿದ್ಧ ಅಥವಾ ಐತಿಹಾಸಿಕ ಪೂಜಾಸ್ಥಾನಗಳ ಜೀರ್ಣೋದ್ಧಾರ, ದುರಸ್ತಿಗಳಿಗೆ ಕೊಟ್ಟ ಹಣಕ್ಕೂ ಕಡಿತವುಂಟು. ಅಯೋಧ್ಯೆಯ ಶ್ರೀರಾಮಜನ್ಮಭೂಮಿ ತೀರ್ಥಕ್ಷೇತ್ರಕ್ಕೆ 2020ರ ಮೇ ತಿಂಗಳಲ್ಲಿ ಇಂಥ ಅಧಿಸೂಚನೆ ಹೊರಟಿತು. ಊರಿನ ಪ್ರತಿಯೊಂದು ಗುಡಿಗೂ, ಶಾಖಾಮಠಕ್ಕೂ ಇದು ಅನ್ವಯಿಸುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ವಿದ್ಯಾರ್ಥಿನಿಲಯದ ಪ್ರಶ್ನೆ. ಊರಿಂದ ಓದಲು ಬಂದ ಹುಡುಗನಿಗೆ ಮಡಿಯ ಊಟ, ಸಂಧ್ಯಾವಂದನೆಗೆ ಅನುಕೂಲವಾದ ಒಂದು ಕೋಣೆ ಇರಲಿ ಎಂಬ ಹಿರಿಯರ ಹಂಬಲ ಸಹಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೆ ಒಂದು ನಿರ್ದಿಷ್ಟ ಮತದವರ ಅಥವಾ ಜಾತಿಯವರ ಹಿತಕ್ಕಾಗಿಯೇ ಎಂದು ಹೇಳಿಕೊಂಡ ಸಂಸ್ಥೆಗೆ 80ಜಿ ಅನುಮೋದನೆಯಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಸ್ಥಾಪಿತವಾದ ಸಂಸ್ಥೆಗಳಿಗೆ ಮಾತ್ರ ಈ ನಿರ್ಬಂಧ ತಟ್ಟದು. ಇಲ್ಲಿ ಆಯ್ಕೆ ಸ್ಪಷ್ಟವಾಗಿದೆ. ನಮ್ಮವರಿಗೆ ಮಾತ್ರ ಎಂದಾದರೆ ನಮ್ಮವರ ಹಣದಲ್ಲೇ ನಡೆಯಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಲ್ಲರ ಪಾಲಿನ ಹಣವೂ ಬೇಕೆಂದಾದರೆ ಬಾಗಿಲು ಎಲ್ಲ ಬಡ ವಿದ್ಯಾರ್ಥಿಗಳಿಗೂ ತೆರೆದಿರಲಿ. ಟ್ರಸ್ಟಿನ ಪತ್ರದಲ್ಲಿ "ಸರ್ವರಿಗೂ" ಎಂದು ಬರೆದು ಕೋಣೆ ಹಂಚುವಾಗ ಗೋತ್ರ ಕೇಳುವುದು ಮಾತ್ರ ಸಲ್ಲದು.

ಅನೇಕ ಧಾರ್ಮಿಕ ಸಂಸ್ಥೆಗಳು ವಿದ್ಯೆ, ವೈದ್ಯಕೀಯ ನೆರವು, ಜಾತಿಮತಭೇದವಿಲ್ಲದ ಅನ್ನದಾನಗಳಿಗಾಗಿ ಪ್ರತ್ಯೇಕ ಟ್ರಸ್ಟ್ ರಚಿಸಿ, ಅದಕ್ಕೆ ಮಾತ್ರ 80ಜಿ ಪಡೆಯುವುದು ಈ ಕಾರಣದಿಂದ. ಎರಡು ರಸೀದಿ ಪುಸ್ತಕ, ಎರಡು ಬ್ಯಾಂಕ್ ಖಾತೆ. ವ್ಯವಸ್ಥೆ ಒಳ್ಳೆಯದು, ಅಪಾಯ ಇರುವುದು ಕೌಂಟರಿನಲ್ಲಿ. "ಹೆಸರು ಪಂಚಾಮೃತಕ್ಕೆ ಬರೆಯಿರಿ, ರಸೀದಿ ಮಾತ್ರ ಆ ಪುಸ್ತಕದಲ್ಲಿ ಕೊಡಿ" ಎಂದು ಹಳೆಯ ಪರಿಚಯದ ಭಕ್ತರೊಬ್ಬರು ಸಲಿಗೆಯಿಂದ ಕೇಳಿದಾಗ ಕಾರ್ಯಕರ್ತನಿಗೆ ಇಲ್ಲವೆನ್ನುವುದು ಕಷ್ಟ. ಆದರೂ ಇಲ್ಲವೆನ್ನಬೇಕು. ಉತ್ಸವದ ವೆಚ್ಚ ದತ್ತಿಯ ಪುಸ್ತಕದಲ್ಲಿ ನುಸುಳಿ ಅನುಮೋದನೆಯೇ ರದ್ದಾದರೆ, ನಷ್ಟ ಅನುಭವಿಸುವವರು ಆ ಟ್ರಸ್ಟಿನ ನೆರವಿನಿಂದ ಶುಲ್ಕ ಕಟ್ಟುವ ಮಕ್ಕಳು, ಔಷಧ ಪಡೆಯುವ ವೃದ್ಧರು.

ತೆರಿಗೆಯ ಲಾಭ ಬಯಸಿ ಕೊಟ್ಟದ್ದು ಸಾತ್ತ್ವಿಕ ದಾನವಾದೀತೇ ಎಂಬ ಶಂಕೆಯನ್ನು ಶ್ರದ್ಧಾವಂತರು ಎತ್ತುವುದುಂಟು. ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ದಾನದ ಮೂರು ಬಗೆಗಳನ್ನು ಹೇಳಿದೆ. ಪ್ರತ್ಯುಪಕಾರವನ್ನೋ ಫಲವನ್ನೋ ಬಯಸಿ ಕೊಟ್ಟದ್ದು ಅಲ್ಲಿ ರಾಜಸ. ಶಂಕೆ ಯೋಗ್ಯವಾದದ್ದೇ. ಆದರೆ ಮೇಲಿನ ಲೆಕ್ಕವನ್ನು ನೆನೆದರೆ, ಪ್ರಾಮಾಣಿಕವಾಗಿ ಕೊಟ್ಟ ಯಾರೂ 80ಜಿಯಿಂದ ಶ್ರೀಮಂತರಾಗಲಾರರು. 84,400 ತ್ಯಾಗ ಮಾಡಿದವರಿಗೆ 15,600 ಉಳಿದರೆ ಅದನ್ನು ಫಲವೆನ್ನುವುದು ಕಷ್ಟ. ಅದನ್ನೂ ಮುಂದಿನ ದಾನಕ್ಕೆ ಸೇರಿಸುವವರಿದ್ದಾರೆ. ನಿಜವಾದ ಲಾಭ ಆಗುವುದು ಚೆಕ್ಕು ಕೊಟ್ಟು, ಒಂದಿಷ್ಟು ಕಮಿಷನ್ ಬಿಟ್ಟು, ಉಳಿದದ್ದನ್ನು ನಗದಾಗಿ ಹಿಂದಕ್ಕೆ ಪಡೆಯುವವರಿಗೆ. ಅದು ದಾನವೇ ಅಲ್ಲ, ಆದ್ದರಿಂದ ಅದನ್ನು ಮೂರು ಬಗೆಗಳಲ್ಲಿ ಯಾವುದಕ್ಕೂ ಸೇರಿಸಬೇಕಾಗಿಲ್ಲ. 2025ರ ಜುಲೈಯಲ್ಲಿ ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತಗಳ ಬಗ್ಗೆ ದೇಶದ ಅನೇಕ ಕಡೆ ತಪಾಸಣೆ ನಡೆಸಿತು.

ವ್ಯವಹಾರದ ಕೆಲವು ಮಾತುಗಳು. 2017ರ ತಿದ್ದುಪಡಿಯಿಂದ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಕಡಿತವಿಲ್ಲ. ಹಿಂದೆ ಆ ಮಿತಿ 10,000 ಇತ್ತು. ಅಕ್ಕಿಯ ಮೂಟೆ, ಬೆಳ್ಳಿಯ ದೀಪ, ರೇಷ್ಮೆಸೀರೆಗಳಂಥ ವಸ್ತುರೂಪದ ಕಾಣಿಕೆಗೂ ಇಲ್ಲ. ಹುಂಡಿಯ ಹಣಕ್ಕೆ ಹೆಸರೇ ಇಲ್ಲದ್ದರಿಂದ ಆ ಮಾತೇ ಏಳದು. 2009ರಲ್ಲಿ ಅನುಮೋದನೆಯನ್ನು ಪದೇಪದೇ ನವೀಕರಿಸುವ ತೊಂದರೆ ತಪ್ಪಿತ್ತು. 2020ರ ಹಣಕಾಸು ಕಾಯಿದೆಯಿಂದ ಐದು ವರ್ಷದ ಅವಧಿ ಮತ್ತೆ ಬಂದಿತು. ಹತ್ತು ವರ್ಷ ಹಳೆಯ ಆದೇಶದ ಸಂಖ್ಯೆಯನ್ನೇ ಮನವಿಪತ್ರದಲ್ಲಿ ಅಚ್ಚುಹಾಕಿಸುವ ಸಂಸ್ಥೆಗಳು ಇದನ್ನು ಗಮನಿಸಬೇಕು.

ಧನಸಂಗ್ರಹದ ದೃಷ್ಟಿಯಿಂದ ದೊಡ್ಡ ಬದಲಾವಣೆ ಇನ್ನೊಂದು. 2023–24ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಯಿತು; ಅದರಲ್ಲಿ 80ಜಿ ಕಡಿತವಿಲ್ಲ. 2025–26ರಿಂದ ಆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಹೀಗಾಗಿ ಮನವಿಪತ್ರದ ಕೊನೆಯಲ್ಲಿ ದಪ್ಪಕ್ಷರದಲ್ಲಿರುವ "80ಜಿ ಸೌಲಭ್ಯವಿದೆ" ಎಂಬ ಸಾಲು ಎಷ್ಟೋ ಕುಟುಂಬಗಳಿಗೆ ಇಂದು ನಿರುಪಯುಕ್ತ. ಕಳೆದ ವರ್ಷದ ನಿಧಿಯಿಂದ ಎಷ್ಟು ಮಕ್ಕಳ ಶುಲ್ಕ ತುಂಬಲಾಯಿತು, ಎಷ್ಟು ಉಳಿಯಿತು ಎಂಬ ವಿವರಕ್ಕೆ ಆ ಜಾಗವನ್ನು ಮೀಸಲಿಟ್ಟರೆ ದಾನಿಗಳಿಗೆ ಹೆಚ್ಚು ಪ್ರಯೋಜನ.

ಹಳೆಯ ಪದ್ಧತಿಯಲ್ಲೇ ಉಳಿದವರು ಮಾತ್ರ ರಸೀದಿಯೊಂದರಿಂದಲೇ ತೃಪ್ತರಾಗಬಾರದು. 2021–22ರಿಂದ ಸಂಸ್ಥೆಯು ಪ್ರತಿ ದಾನಿಯ ವಿವರವನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಪಡೆದ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಸಂಸ್ಥೆ ಸಲ್ಲಿಸಿದ ವಿವರಕ್ಕೆ ತಾಳೆಯಾಗದಿದ್ದರೆ ಕಡಿತ ದೊರೆಯದು. ಕೊಡುವಾಗಲೇ ಪ್ಯಾನ್ ಸಂಖ್ಯೆಯನ್ನೂ ಪೂರ್ಣ ಹೆಸರನ್ನೂ ಬರೆಸಿ. ಗಡುವು ಕಳೆದರೂ ಪ್ರಮಾಣಪತ್ರ ಬಾರದಿದ್ದರೆ ಕಾರ್ಯಾಲಯದಲ್ಲಿ ಸಂಕೋಚವಿಲ್ಲದೆ ವಿಚಾರಿಸಿ. ತಂದೆಯವರ ಹೆಸರಿನಲ್ಲಿ ಕೊಟ್ಟು ಮಗನ ಪ್ಯಾನ್ ಬರೆಸುವ ಪದ್ಧತಿ ನಮ್ಮಲ್ಲಿ ಬಹಳವಿದೆ. ಹಣ ಯಾರ ಖಾತೆಯಿಂದ ಹೋಯಿತೋ ಅವರ ಹೆಸರು ರಸೀದಿಯಲ್ಲಿರಲಿ. ತಂದೆಯವರ ಹೆಸರನ್ನು ಸಂಕಲ್ಪದಲ್ಲಿ ಹೇಳಿಸಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥