ಹಾಸಿಗೆ ಹುಣ್ಣು ಮತ್ತು ಫೋಮ್ ಪಟ್ಟಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಸೀಮೆಯಲ್ಲಿ ಕೊನೆಗೌಡನೊಬ್ಬ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ, ಮನೆಯವರು ಮೊದಲು ಮರುಗುವುದು ಕಾಲು ಹೋಯಿತೆಂದು. ಅನಂತರ ಬರುವ ಶತ್ರು ಹಾಸಿಗೆ ಹುಣ್ಣು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸ ಅದುಮಿಹೋಗಿ, ರಕ್ತ ಹರಿಯದೆ ಸಾಯುತ್ತದೆ. ಸ್ಪರ್ಶಜ್ಞಾನವಿಲ್ಲದವನಿಗೆ ನೋವೂ ತಿಳಿಯದು.

ಕೇಳುಗರೇ, ಹುಣ್ಣಾಗುವ ಮುನ್ನವೇ ಸೊಂಟದ ಕೆಳಗೂ ಹಿಮ್ಮಡಿಗೂ ಅಂಟಿಸುವ ಪದರು ಪದರಾದ ಫೋಮ್ ಪಟ್ಟಿಗಳು ಈಗ ಬಂದಿವೆ. ಬೆಲೆ ಕೇಳಿದವರು ಗುಣವನ್ನೂ ಕೇಳಬೇಕಷ್ಟೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಅಮಿತ್ ಗೆಫೆನ್ ಮತ್ತಿತರರು ಪ್ರಯೋಗಶಾಲೆಯಲ್ಲಿಯೂ ಕಂಪ್ಯೂಟರಿನ ಲೆಕ್ಕದಲ್ಲಿಯೂ ಪರೀಕ್ಷಿಸುವುದು ಇದನ್ನೇ: ಪಟ್ಟಿ ಒತ್ತಡವನ್ನು ಎಷ್ಟು ಹರಡುತ್ತದೆ? ರೋಗಿ ಜಾರುವಾಗ ಚರ್ಮದ ಬದಲು ತಾನೆಷ್ಟು ಎಳೆತ ತಾಳುತ್ತದೆ? ಬೆವರಿನಲ್ಲಿ ತೊಯ್ದ ಮೇಲೂ ಆ ಗುಣ ಉಳಿದೀತೆ? ಒಣಗಿದ್ದಾಗ ಮಾತ್ರ ಕೆಲಸ ಮಾಡುವ ಪಟ್ಟಿ ನಮ್ಮ ಆಷಾಢಕ್ಕೆ ಯಾತಕ್ಕೆ!

ಆದರೆ ಪಟ್ಟಿ ಅಂಟಿಸಿ ಸುಮ್ಮನಾಗುವಂತಿಲ್ಲ. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನು ಉಳಿದ ಆರೈಕೆಯ ಜೊತೆಗೇ ಬಳಸಿರೆಂದಿದೆ. ರೋಗಿಯ ಮಗ್ಗುಲು ಬದಲಿಸುತ್ತಿರಿ. ದಿನವೂ ಪಟ್ಟಿಯ ಅಂಚನ್ನೆತ್ತಿ ಚರ್ಮ ನೋಡಿ. ಕೆಂಪಾದಲ್ಲಿ ಬೆರಳಿನಿಂದ ಒತ್ತಿ. ಬಿಳಿಚದಿದ್ದರೆ ಅಲ್ಲಿಯ ಭಾರ ತಪ್ಪಿಸಿ, ವೈದ್ಯರಿಗೆ ತೋರಿಸಿ. ಅಲ್ಲಿ ತಿಕ್ಕಬಾರದು, ಎಣ್ಣೆ ನೀವುವ ಅಜ್ಜಿಯರು ಮನ್ನಿಸಬೇಕು. ಕಪ್ಪು ಮೈಯಲ್ಲಿ ಕೆಂಪು ಸುಲಭವಾಗಿ ಕಾಣದು. ಕೈಯಿಟ್ಟು, ಸುತ್ತಲಿಗಿಂತ ಬಿಸಿಯೋ ಗಡುಸೋ ನೋಡಿ.