ಗುಂಡಿಯ ಹಿಂದಿನ ಕೆಲಸ



ಇಂದು ನಾಸಿಕದ ಸಾತಪುರದಲ್ಲಿ ದುಡಿಯುವವರು ನಾಳೆ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿರಬಹುದು. ಹೀಗೆ ಊರು ಬದಲಿಸುವ ನಮಗೆ ಸಂಘದ ಸದಸ್ಯ ಪುಸ್ತಕದಲ್ಲಿರುವ ಹೆಸರು, ಭಾವಚಿತ್ರಗಳೇ ಗುರುತು. ಅದನ್ನು ಕಂಪ್ಯೂಟರಿಗೆ ಏರಿಸುವ ಮುನ್ನ ಒಂದು ಮಾತನ್ನು ನಾವೆಲ್ಲರೂ ತಿಳಿದಿರಬೇಕು.

ಪರದೆಯ ಮೇಲಿನ 'ಉಳಿಸು' ಗುಂಡಿ ಬರಿಯ ಕರೆಗಂಟೆ. ಗಂಟೆ ಬಾರಿಸಿದ ಮಾತ್ರಕ್ಕೆ ದೋಸೆ ಬೇಯದು, ಒಳಗೆ ಭಟ್ಟರಿರಬೇಕು. 1991ರಲ್ಲಿ ಬಂದ ವಿಶುವಲ್ ಬೇಸಿಕ್ ಗುಂಡಿ ಕೂರಿಸುವುದನ್ನು ಸುಲಭ ಮಾಡಿತು. ಆದರೆ ಒತ್ತಿದಾಗ ಏನಾಗಬೇಕೆಂಬುದನ್ನು ಬೇರೆಯಾಗಿ ಬರೆಯಲೇಬೇಕು.

ಅನೇಕರು ಚಿತ್ರವನ್ನು ಫೋಲ್ಡರಿನಲ್ಲಿಟ್ಟು, ಪಟ್ಟಿಯಲ್ಲಿ ಅದರ ವಿಳಾಸವನ್ನು ಮಾತ್ರ ಬರೆಸುತ್ತಾರೆ. ಆಗ ಪಟ್ಟಿಯನ್ನಷ್ಟೇ ಬೇರೆ ಊರಿನ ಯಂತ್ರಕ್ಕೆ ಒಯ್ದರೆ ಹೆಸರು ಬರುತ್ತದೆ, ಮುಖ ಬರುವುದಿಲ್ಲ. 2000ದಲ್ಲಿ ಹೊರಬಂದ ಎಸ್‌ಕ್ಯೂಲೈಟ್‌ನಂಥ ಉಗ್ರಾಣದಲ್ಲಿ ಹೆಸರೂ ಚಿತ್ರವೂ ಒಂದೇ ಕಡತದಲ್ಲಿರುತ್ತವೆ. ಸುಮಾರು 100 ಕಿಲೋಬೈಟಿಗಿಂತ ಚಿಕ್ಕದಾದ ಭಾವಚಿತ್ರಕ್ಕೆ ಇದು ಅನುಕೂಲ. ತೆರೆಯುವುದೂ ಸಾಮಾನ್ಯವಾಗಿ ಬೇಗ.

ಆದರೆ ಆ ಕಡತ ಕೆಟ್ಟರೆ ಎಲ್ಲರೂ ಅಳಿಸಿಹೋದಂತೆ. ಆದ್ದರಿಂದ ತಿಂಗಳಿಗೊಮ್ಮೆ ನಕಲು ತೆಗೆದು ಎರಡೂ ಊರುಗಳಲ್ಲಿ ಇಡೋಣ. ಪ್ರೋಗ್ರಾಮ್ ಬರೆಯುವವರನ್ನು ನಾವು ಕೇಳಬೇಕಾದುದು ಎರಡೇ ಪ್ರಶ್ನೆ: ಚಿತ್ರ ಎಲ್ಲಿ ಉಳಿಯುತ್ತದೆ? ನಕಲು ಎಲ್ಲಿದೆ? ಇದನ್ನು ಕೇಳಲು ಕಾಲೇಜು ಓದಿರಬೇಕಿಲ್ಲ. ಕೇಳದಿದ್ದರೆ ನಷ್ಟ ಮಾತ್ರ ನಮ್ಮದೇ.